ರಸ್ತೆ ಸೈಕಲ್ ಸವಾರರಿಗೆ ವರ್ಷಾಂತ್ಯದ ಉಡುಗೊರೆ: ಏನು ಕೊಟ್ಟರೆ ನಿಜವಾಗಿ ಬಳಸುತ್ತಾರೆ?

ಹಿರಿಯಕ್ಕ, ಮೈಸೂರು · ಡಿಸೆಂಬರ್ 3

ನನ್ನ ತಮ್ಮನಿಗೆ ಈಗ ಮೂವತ್ತಾರು ವರ್ಷ. ನಾಲ್ಕು ವರ್ಷಗಳಿಂದ ರೋಡ್ ಬೈಕ್ ಓಡಿಸುತ್ತಿದ್ದಾನೆ. ವಾರದಲ್ಲಿ ಮೂರು ದಿನ ಬೆಳಗಿನ ಜಾವ ಎದ್ದು ಚಾಮುಂಡಿ ಬೆಟ್ಟ ಹತ್ತಿ ಇಳಿದು, ನಾವು ಎರಡನೆಯ ಕಾಫಿ ಕುಡಿಯುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದು ನಿಲ್ಲುತ್ತಾನೆ. ಜನವರಿ ಕೊನೆಯಲ್ಲಿ 300 ಕಿಲೋಮೀಟರಿನ ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟಿದ್ದಾನಂತೆ.

ಕಳೆದ ದೀಪಾವಳಿಗೆ ನಾನು ಬಹಳ ಯೋಚಿಸಿ, ಅಷ್ಟು ಸಪೂರ ಸೀಟಿನ ಮೇಲೆ ಗಂಟೆಗಟ್ಟಲೆ ಹೇಗೆ ಕೂರುತ್ತಾನೋ ಎಂದು ಮರುಗಿ, ಜೆಲ್ ತುಂಬಿದ ಸೀಟ್ ಕವರ್ ಒಂದನ್ನು ತಂದುಕೊಟ್ಟೆ. ಅವನು ನಗುನಗುತ್ತಲೇ ತೆಗೆದುಕೊಂಡ. ಮೊನ್ನೆ ಚಪ್ಪಲಿ ಗೂಡು ಒರೆಸುವಾಗ ಅದು ಪ್ಲಾಸ್ಟಿಕ್ ಪೊಟ್ಟಣದ ಸಮೇತ, ಬೆಲೆಯ ಚೀಟಿಯ ಸಮೇತ ನನ್ನ ಕೈಗೆ ಸಿಕ್ಕಿತು. ನಾನು ಏನನ್ನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆಲ್ಲ ರಜೆ ಇರುವುದರಿಂದ ಮನೆಯವರೆಲ್ಲ ಒಟ್ಟಿಗೆ ಸೇರುತ್ತೇವೆ. ಅಕ್ಕತಂಗಿಯರು ಮೂವರೂ ಸೇರಿ ಐದು ಸಾವಿರ ರೂಪಾಯಿ ಕೂಡಿಸಿದ್ದೇವೆ. ಈ ಸಲವಾದರೂ ಚಪ್ಪಲಿ ಗೂಡು ಸೇರದಂಥ ವಸ್ತು ಕೊಡಬೇಕೆಂದಿದೆ. ಅವನನ್ನೇ ಕೇಳಿದರೆ "ಏನೂ ಬೇಡ ಅಕ್ಕ" ಎನ್ನುತ್ತಾನೆ. ತಿಳಿದವರು ದಾರಿ ತೋರಿಸಬೇಕು.

ನಲವತ್ತು ತಿರುವು, ಬೆಂಗಳೂರು · ಡಿಸೆಂಬರ್ 3

ಮೊದಲು ಸೀಟ್ ಕವರಿನ ವಿಷಯ ಮುಗಿಸೋಣ, ಏಕೆಂದರೆ ಸೈಕಲ್ ಸವಾರರ ಮನೆಗಳಲ್ಲಿ ಅಂಥದೊಂದು ಕವರ್ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ರಸ್ತೆ ಸೈಕಲ್ಲಿನಲ್ಲಿ ಮೈ ಮುಂದಕ್ಕೆ ಬಾಗಿರುತ್ತದೆ. ಭಾರವೆಲ್ಲ ಪೃಷ್ಠದ ಎರಡು ಮೂಳೆಗಳ ಮೇಲೆ ನಿಲ್ಲಬೇಕು. ಸ್ಯಾಡಲ್, ಅಂದರೆ ಸೀಟು, ಗಟ್ಟಿಯಾಗಿರುವುದು ಅದಕ್ಕಾಗಿಯೇ. ದಪ್ಪ ಜೆಲ್ ಹಾಕಿದರೆ ಆ ಮೂಳೆಗಳು ಅದರೊಳಗೆ ಹೂತು, ನಡುವಿನ ಜೆಲ್ ಮೇಲಕ್ಕೆ ಉಬ್ಬಿ, ಒತ್ತಡ ಬೀಳಬಾರದ ಮೆತ್ತನೆಯ ಭಾಗಕ್ಕೆ ಒತ್ತಡ ಬೀಳುತ್ತದೆ. ಅರ್ಧ ಗಂಟೆಗೆ ಹಿತವೆನಿಸುವ ಕವರು ಮೂರನೆಯ ಗಂಟೆಗೆ ಶಿಕ್ಷೆಯಾಗುತ್ತದೆ. ಮೆತ್ತೆ ಸವಾರನ ಚಡ್ಡಿಯಲ್ಲಿರುತ್ತದೆ, ಸೀಟಿನಲ್ಲಲ್ಲ.

ಇದರಿಂದ ಒಂದು ಮಾತು ಹೊರಡುತ್ತದೆ. ಸವಾರನ ಮೈ ಸೈಕಲ್ಲನ್ನು ಮುಟ್ಟುವ ಜಾಗ ಮೂರು: ಕೈ, ಕುಂಡೆ, ಪಾದ. ಈ ಮೂರು ಜಾಗಕ್ಕೆ ಸಂಬಂಧಿಸಿದ ಯಾವುದನ್ನೂ ಗುಟ್ಟಾಗಿ ಕೊಳ್ಳಬೇಡಿ. ಸ್ಯಾಡಲ್ಲಿನ ಅಗಲ ಅವರವರ ಮೂಳೆಯ ಅಂತರಕ್ಕೆ ತಕ್ಕಂತೆ ಇರುತ್ತದೆ. ಶೂ ಒಂದೊಂದು ಕಂಪನಿಯದು ಒಂದೊಂದು ಅಳತೆ. ಪೆಡಲಿನ ವಿಷಯವಂತೂ ಇನ್ನೂ ಜಟಿಲ. ಶೂ ತಳಕ್ಕೆ ಬೋಲ್ಟಿನಿಂದ ಬಿಗಿದ ಕ್ಲೀಟು ಎಂಬ ತುಂಡು ಪೆಡಲಿಗೆ ಸಿಕ್ಕಿಕೊಳ್ಳುತ್ತದೆ. ಶಿಮಾನೋದ ಎಸ್‌ಪಿಡಿ ಮತ್ತು ಎಸ್‌ಪಿಡಿ-ಎಸ್ಎಲ್ ಎರಡೂ ಒಂದೇ ಕಂಪನಿಯವಾದರೂ ಮೊದಲನೆಯದಕ್ಕೆ ಎರಡು ಬೋಲ್ಟು, ಎರಡನೆಯದಕ್ಕೆ ಮೂರು, ಒಂದರ ಕ್ಲೀಟು ಇನ್ನೊಂದಕ್ಕೆ ಕೂರುವುದಿಲ್ಲ. ಎಸ್‌ಪಿಡಿ-ಎಸ್ಎಲ್ ಕ್ಲೀಟಿನಲ್ಲೇ ಮೂರು ಬಣ್ಣಗಳಿವೆ. ಹಳದಿಯಲ್ಲಿ ಪಾದ 6 ಡಿಗ್ರಿ ಆಡುತ್ತದೆ, ನೀಲಿಯಲ್ಲಿ 2 ಡಿಗ್ರಿ, ಕೆಂಪಿನಲ್ಲಿ ಅಲುಗಾಡುವುದೇ ಇಲ್ಲ. ಹಳದಿ ಬಳಸುವವನಿಗೆ ಬಣ್ಣ ಚೆನ್ನಾಗಿದೆಯೆಂದು ಕೆಂಪು ತಂದುಕೊಟ್ಟರೆ ಮಂಡಿ ನೋವನ್ನೇ ಉಡುಗೊರೆ ಕೊಟ್ಟಂತೆ.

ಮೂರು ಜಾಗ ಬಿಟ್ಟು ಉಳಿದುದರಲ್ಲಿ ನನ್ನ ಮೊದಲ ಸಲಹೆ, ಒತ್ತಡದ ಮಾಪಕವಿರುವ ನಿಲ್ಲಿಸಿ ಹೊಡೆಯುವ ಪಂಪ್. ಅದು ಯಾವ ಅಳತೆಯ ಸೈಕಲ್ಲಿಗೂ ಆಗುತ್ತದೆ, ಹತ್ತು ವರ್ಷ ಬಾಳುತ್ತದೆ, ಪ್ರತಿ ಸವಾರಿಗೂ ಮೊದಲು ಕೈಗೆ ಬರುತ್ತದೆ.

ಗೃಹಿಣಿ, ಹಾಸನ · ಡಿಸೆಂಬರ್ 4

ಹೆಲ್ಮೆಟ್ ಕೊಡಬಹುದೇ? ನಮ್ಮವರ ಹೆಲ್ಮೆಟ್ ಒಮ್ಮೆ ಬಿದ್ದು ಸೀಳು ಬಿಟ್ಟಿದ್ದರೂ ಅದನ್ನೇ ಹಾಕಿಕೊಳ್ಳುತ್ತಿದ್ದಾರೆ. ಹೇಳಿದರೆ ಕೇಳುವುದಿಲ್ಲ.

ನಲವತ್ತು ತಿರುವು, ಬೆಂಗಳೂರು · ಡಿಸೆಂಬರ್ 4

ಕೊಡಬಹುದು ಎನ್ನುವುದಿರಲಿ, ನಾಳೆಯೇ ಕೊಡಿಸಿ. ಹೆಲ್ಮೆಟ್ಟಿನೊಳಗಿನ ಬಿಳಿ ಥರ್ಮೋಕೋಲಿನಂಥ ಪದರ ಒಂದು ಏಟನ್ನು ತಾನು ಜಜ್ಜಿಹೋಗಿ ತಡೆಯುವಂತೆ ಮಾಡಿರುವಂಥದ್ದು. ಜಜ್ಜಿದ ಮೇಲೆ ಅದು ಮತ್ತೆ ಉಬ್ಬುವುದಿಲ್ಲ. ಅವರು ಮಲಗಿದ್ದಾಗ ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ತಲೆಯ ಸುತ್ತ ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಅಳತೆ ತೆಗೆಯಿರಿ. ಅಂಗಡಿಯಲ್ಲಿ ಬದಲಾಯಿಸಿಕೊಡುತ್ತಾರೆಯೇ ಎಂದು ಕೇಳಿಕೊಂಡೇ ಹಣ ಕೊಡಿ.

ಗುಮ್ಮಟದೂರಿನವ, ವಿಜಯಪುರ · ಡಿಸೆಂಬರ್ 4

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ಲು ರಜಾದಿನದ ಹವ್ಯಾಸವಾಗಿ ಬಂದದ್ದಲ್ಲ. ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋದ ಹುಡುಗ ಹುಡುಗಿಯರು ಇಲ್ಲಿನ ಹಳ್ಳಿಹಳ್ಳಿಯಲ್ಲಿದ್ದಾರೆ. ಅವರ ಮನೆಗಳಲ್ಲಿ ಉಡುಗೊರೆಯ ಲೆಕ್ಕ ಬೇರೆ. ನನ್ನ ಅಣ್ಣನ ಮಗಳು ರೇಸ್ ಮಾಡುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಒಮ್ಮೆ ಬೆಂಗಳೂರಿನ ಬಂಧುಗಳು ಸೈಕಲ್ಲಿನ ಚಿತ್ರವಿದ್ದ ಕಪ್ಪು, ಸೈಕಲ್ಲಿನ ಆಕಾರದ ಗೋಡೆ ಗಡಿಯಾರ, ಸೈಕಲ್ಲಿನ ಚೈನಿನಿಂದ ಮಾಡಿದ ಕೀಚೈನು ತಂದಿದ್ದರು. ಹುಡುಗಿ ಎಲ್ಲರಿಗೂ ನಮಸ್ಕಾರ ಮಾಡಿ, ರಾತ್ರಿ ನನ್ನ ಹತ್ತಿರ ಬಂದು, "ಕಾಕಾ, ಆ ಗಡಿಯಾರದ ರೊಕ್ಕದಾಗ ಎರಡು ಟ್ಯೂಬ್ ಬರ್ತಿದ್ದುವು" ಎಂದಳು.

ಸೈಕಲ್ಲಿನಲ್ಲಿ ಸವೆಯುವ ವಸ್ತುಗಳೆಂದರೆ ಟೈರು, ಟ್ಯೂಬು, ಚೈನು, ಬ್ರೇಕ್ ಪ್ಯಾಡು, ಹ್ಯಾಂಡಲ್ ಟೇಪು. ಇವುಗಳಿಗೆ ಹಣ ಹಾಕುವಾಗ ಎಂಥ ಸವಾರನೂ ಹಿಂದೆಮುಂದೆ ನೋಡುತ್ತಾನೆ, ಇನ್ನೊಂದು ತಿಂಗಳು ನಡೆಯಲಿ ಎಂದು ಮುಂದೂಡುತ್ತಾನೆ. ಚೈನನ್ನೇ ತೆಗೆದುಕೊಳ್ಳಿ. ಹೊಸ ಚೈನಿನ ಹನ್ನೆರಡು ಪೂರ್ಣ ಕೊಂಡಿಗಳು ಸರಿಯಾಗಿ 12 ಅಂಗುಲ ಇರುತ್ತವೆ. ಒಂದು ಅಡಿಗಿಂತ ಉದ್ದದ ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಟ್ಟನಡುವೆ ಇಟ್ಟು ನೋಡಿದಾಗ, ಹನ್ನೆರಡನೆಯ ಅಂಗುಲದ ಗೆರೆಯನ್ನು ದಾಟಿ ಆ ತುದಿಯ ಪಿನ್ನು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಆಚೆ ಹೋಗಿದ್ದರೆ ಚೈನು ಅರ್ಧ ಶೇಕಡಾ ಹಿಗ್ಗಿದೆ ಎಂದರ್ಥ. 11 ಅಥವಾ 12 ಗೇರಿನ ಸೈಕಲ್ಲಾದರೆ ಆಗಲೇ ಬದಲಾಯಿಸಬೇಕು. ಬದಲಾಯಿಸದೆ ಓಡಿಸಿದರೆ ಆ ಹಿಗ್ಗಿದ ಚೈನು ಹಿಂದಿನ ಕ್ಯಾಸೆಟ್ಟಿನ (ಹಿಂದಿನ ಚಕ್ರದ ಗೇರು ಹಲ್ಲುಚಕ್ರಗಳ ಕಟ್ಟಿನ) ಹಲ್ಲುಗಳನ್ನು ತನ್ನ ಅಳತೆಗೆ ತೇಯುತ್ತದೆ, ಆಮೇಲೆ ಹೊಸ ಚೈನು ಹಾಕಿದರೂ ಅದು ಹಲ್ಲಿನಿಂದ ಹಲ್ಲಿಗೆ ಜಾರುತ್ತದೆ, ಚೈನಿನ ಖರ್ಚಿನ ಜೊತೆಗೆ ಕ್ಯಾಸೆಟ್ಟಿನ ಖರ್ಚೂ ತಲೆಗೆ ಬರುತ್ತದೆ.

ಅಕ್ಕನವರೇ, ಅಂಗಡಿಗೆ ಹೋಗುವ ಮೊದಲು ತಮ್ಮನ ಸೈಕಲ್ಲಿನ ಹತ್ತಿರ ಹೋಗಿ ಐದು ನಿಮಿಷ ಕುಕ್ಕರುಗಾಲಿನಲ್ಲಿ ಕೂತುಕೊಳ್ಳಿ. ಟೈರಿನ ಪಕ್ಕದಲ್ಲಿ ಬರೆದ ಅಂಕಿ ಏನು, ಗಾಳಿ ತುಂಬುವ ಮೂತಿ ಎಂಥದು, ಸೀಟಿನ ಕೆಳಗಿನ ಚೀಲದಲ್ಲಿ ಏನಿದೆ, ದೀಪ ಯಾವುದು, ಬ್ರೇಕು ಡಿಸ್ಕೋ ರಿಮ್ಮೋ, ಇಷ್ಟನ್ನು ನೋಡಿ ಬಂದು ಇಲ್ಲಿ ಬರೆಯಿರಿ. "ಏನೂ ಬೇಡ" ಎಂದವನ ಸೈಕಲ್ಲು ತನಗೆ ಏನು ಬೇಕೆಂದು ಹೇಳುತ್ತದೆ.

ಲೀಡ್ಸಿನ ಮಳೆ · ಡಿಸೆಂಬರ್ 5

ಇಂಗ್ಲೆಂಡಿನ ಉತ್ತರಕ್ಕೆ ಬಂದು ಒಂಬತ್ತು ವರ್ಷವಾಯಿತು, ಸೈಕಲ್ ಬಿಟ್ಟಿಲ್ಲ. ಇಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವುದರಿಂದ ಉಡುಗೊರೆಯ ಪಟ್ಟಿ ಬೇರೆಯೇ ಆಗುತ್ತದೆ: ಶೂ ಮೇಲೆ ಹಾಕುವ ನೀರು ತಡೆಯುವ ಕವಚ, ಮೆರಿನೋ ಉಣ್ಣೆಯ ಒಳಅಂಗಿ, ಕುತ್ತಿಗೆಯ ಬಟ್ಟೆ, ಮಡ್‌ಗಾರ್ಡು. ಇಲ್ಲಿನ ಕ್ಲಬ್ಬಿನವರ ಜೊತೆ ಹೋಗುವಾಗ ಚಳಿಗಾಲದಲ್ಲಿ ಹಿಂದಿನ ಚಕ್ರಕ್ಕೆ ಮಡ್‌ಗಾರ್ಡಿಲ್ಲದೆ ಬಂದರೆ ಯಾರೂ ಬೈಯುವುದಿಲ್ಲ, ಆದರೆ ನಿಮ್ಮ ಹಿಂದೆಯೂ ಯಾರೂ ಬರುವುದಿಲ್ಲ. ನನ್ನ ಹೆಂಡತಿ ನನಗೆ ಬ್ರಿಟಿಷ್ ಸೈಕ್ಲಿಂಗ್‌ನ ಸದಸ್ಯತ್ವ ಮಾಡಿಸಿಕೊಟ್ಟಿದ್ದಳು. ನನ್ನಿಂದ ಬೇರೆಯವರಿಗೆ ಹಾನಿಯಾದರೆ ಅದಕ್ಕೆ ವಿಮೆ ಅದರಲ್ಲಿ ಸಿಗುತ್ತದೆ. ಕೈಗೆ ಸಿಗುವ ವಸ್ತುವಲ್ಲವಾದ್ದರಿಂದ ಮೊದಲು ಸಪ್ಪೆಯೆನಿಸಿತ್ತು, ಈಗ ಪ್ರತಿ ವರ್ಷ ನಾನೇ ಕೇಳಿ ಮಾಡಿಸಿಕೊಳ್ಳುತ್ತೇನೆ.

ಮೈಸೂರಿಗೆ ಇವುಗಳಲ್ಲಿ ಹೊಂದುವುದು ತೆಳುವಾದ ಗಾಳಿ ತಡೆಯುವ ತೋಳಿಲ್ಲದ ಜಾಕೆಟ್ ಒಂದೇ ಎಂದು ನನ್ನ ಅನಿಸಿಕೆ. ಬೆಟ್ಟ ಹತ್ತುವಾಗ ಬೆವತ ಮೈ ಇಳಿಯುವಾಗ ತಣ್ಣಗಾಗುತ್ತದೆ. ಮಡಚಿದರೆ ಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕದಾಗುವಂಥದ್ದು ಸಿಗುತ್ತದೆ, ಅಳತೆಯೂ ತೀರ ಕರಾರುವಾಕ್ಕಾಗಿ ಇರಬೇಕಾಗಿಲ್ಲ.

ಊರಿಗೆ ಬರುವಾಗಲೆಲ್ಲ ಗೆಳೆಯರಿಗೆ ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬುಗಳನ್ನು ತರುತ್ತೇನೆ. ಸಾಮಾನ್ಯ ಬ್ಯೂಟೈಲ್ ರಬ್ಬರಿನ ಟ್ಯೂಬು ನೂರು ಗ್ರಾಂ ದಾಟಿದರೆ ಇವು ನಲವತ್ತು ಗ್ರಾಮಿನ ಆಸುಪಾಸು, ಮಡಚಿದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡವು. ದೂರದ ಸವಾರಿಗೆ ಹೋಗುವವರಿಗೆ ಎರಡು ಕೊಟ್ಟರೆ ಚೀಲದಲ್ಲಿ ಜಾಗವೂ ಉಳಿಯುತ್ತದೆ.

ಸೀನಿಯರ್ ಸ್ಪೋಕು, ತುಮಕೂರು · ಡಿಸೆಂಬರ್ 5

ಟಿಪಿಯು ಟ್ಯೂಬಿನ ಬಗ್ಗೆ ಎರಡು ಎಚ್ಚರಿಕೆಗಳನ್ನು ಸೇರಿಸಬೇಕು. ಅವುಗಳಲ್ಲಿ ಕೆಲವು ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಮಾತ್ರ ಎಂದು ತಯಾರಕರೇ ಹೇಳುತ್ತಾರೆ, ಏಕೆಂದರೆ ಉದ್ದನೆಯ ಇಳಿಜಾರಿನಲ್ಲಿ ರಿಮ್ ಬ್ರೇಕು ರಿಮ್ಮನ್ನು ಬಿಸಿ ಮಾಡುತ್ತದೆ, ಆ ಬಿಸಿಯನ್ನು ಈ ತೆಳು ಟ್ಯೂಬು ತಾಳದಿರಬಹುದು. ಎರಡನೆಯದಾಗಿ, ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ರಬ್ಬರ್ ಪ್ಯಾಚು ಇದಕ್ಕೆ ಹಿಡಿಯುವುದಿಲ್ಲ; ಇದರದೇ ಪ್ಯಾಚು ಬೇಕು. ಉಡುಗೊರೆ ಕೊಡುವವರು ಆ ಪ್ಯಾಚನ್ನೂ ಜೊತೆಗಿಡಲಿ.

ಇಲ್ಲಿ ಇನ್ನೂ ಯಾರೂ ಸಿಒಟು ಕಾರ್ಟ್ರಿಜ್ಜಿನ (ಒತ್ತಿ ತುಂಬಿದ ಇಂಗಾಲದ ಡೈಆಕ್ಸೈಡಿನ ಪುಟ್ಟ ಲೋಹದ ಕೊಳವೆಯ) ಹೆಸರೆತ್ತಿಲ್ಲ, ಎತ್ತುವ ಮೊದಲೇ ನನ್ನ ತಕರಾರನ್ನು ದಾಖಲಿಸುತ್ತೇನೆ. 16 ಗ್ರಾಮಿನ ಒಂದು ಕೊಳವೆ ರಸ್ತೆ ಸೈಕಲ್ಲಿನ ಟೈರನ್ನು ಕೆಲವೇ ಸೆಕೆಂಡುಗಳಲ್ಲಿ ಗಟ್ಟಿ ಮಾಡುತ್ತದೆ ಎಂಬುದು ನಿಜ. ಆದರೆ ಅದು ಒಂದೇ ಬಾರಿಯ ಬಾಣ. ಮುಳ್ಳನ್ನು ಟೈರಿನಿಂದ ಕೀಳದೆ ಗಾಳಿ ತುಂಬಿದರೆ ಕೊಳವೆಯೂ ಹೋಯಿತು, ಹೊಸ ಟ್ಯೂಬೂ ಹೋಯಿತು. ಸರಿಯಾಗಿ ತುಂಬಿದರೂ ಆ ಅನಿಲ ರಬ್ಬರಿನ ಮೂಲಕ ಬೇಗ ಸೋರಿ, ಮರುದಿನದ ಹೊತ್ತಿಗೆ ಟೈರು ಮೆತ್ತಗಾಗಿರುತ್ತದೆ. ನಮ್ಮ ಹೆದ್ದಾರಿಗಳ ಬದಿಯಲ್ಲಿ ಟ್ರಕ್ಕಿನ ಟೈರು ಸಿಡಿದು ಉದುರಿದ ಸಣ್ಣ ತಂತಿಗಳು ಎಷ್ಟಿರುತ್ತವೆಂದರೆ ಒಂದೇ ಸವಾರಿಯಲ್ಲಿ ಎರಡು ಪಂಕ್ಚರ್ ಅಪರೂಪವಲ್ಲ. ಅಂಗೈ ಉದ್ದದ ಕೈಪಂಪನ್ನು ಎಷ್ಟು ಸಲ ಬೇಕಾದರೂ ಬಳಸಬಹುದು.

ನಲವತ್ತು ತಿರುವು, ಬೆಂಗಳೂರು · ಡಿಸೆಂಬರ್ 5

ಕೈಪಂಪಿನಿಂದ 80 ಪಿಎಸ್ಐ ಒತ್ತಡಕ್ಕೆ ಗಾಳಿ ತುಂಬಿಸಿದವನಿಗೆ ತೋಳಿನ ಕಷ್ಟ ಗೊತ್ತು. ನಾನು ಎರಡನ್ನೂ ಒಯ್ಯುತ್ತೇನೆ: ಮೊದಲ ಪಂಕ್ಚರಿಗೆ ಕೊಳವೆ, ಎರಡನೆಯದಕ್ಕೆ ಪಂಪು. ಆದರೆ ಉಡುಗೊರೆಯಾಗಿ ಕೊಡುವುದಾದರೆ ಪಂಪೇ ಸರಿ ಎಂಬಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಕೊಳವೆಯ ತಲೆಯನ್ನು ಬಳಸಲು ಕಲಿಯದವನು ರಸ್ತೆಯಲ್ಲಿ ಬೆರಳು ಮರಗಟ್ಟಿಸಿಕೊಂಡು ನಿಲ್ಲುತ್ತಾನೆ.

ಕೊಡಬಾರದ ಇನ್ನೊಂದು ವಸ್ತುವನ್ನು ಸ್ವಾನುಭವದಿಂದ ಹೇಳುತ್ತೇನೆ. ನಮ್ಮ ಮಾವನವರು ಪ್ರೀತಿಯಿಂದ ಎಣ್ಣೆಯ ಸ್ಪ್ರೇ ಡಬ್ಬಿ ಕೊಟ್ಟಿದ್ದರು. ಸಂಜೆ ಚೈನಿಗೆ ಹೊಡೆದೆ. ಗಾಳಿಗೆ ಹಾರಿದ ತುಂತುರು ಹಿಂದಿನ ಡಿಸ್ಕಿನ ಮೇಲೆ ಕೂತದ್ದು ನನಗೆ ಕಾಣಲಿಲ್ಲ. ಮರುದಿನ ನಂದಿ ಬೆಟ್ಟದಿಂದ ಇಳಿಯುವಾಗ ಮೊದಲ ತಿರುವಿನಲ್ಲೇ ಹಿಂದಿನ ಬ್ರೇಕು ಕಿರುಚಿತು, ಹಿಡಿಯಲಿಲ್ಲ. ಉಳಿದ ಮೂವತ್ತೊಂಬತ್ತು ತಿರುವುಗಳನ್ನು ಮುಂದಿನ ಬ್ರೇಕಿನ ಮೇಲೆ, ಹಲವೆಡೆ ನಡೆದೇ, ಇಳಿದೆ. ಪ್ಯಾಡುಗಳನ್ನು ಎಸೆಯಬೇಕಾಯಿತು. ಚೈನಿಗೆ ಹನಿಹನಿಯಾಗಿ ಬಿಡುವ ಸಣ್ಣ ಸೀಸೆಯ ಎಣ್ಣೆಯೇ ಕೊಡಿ.

ಹಿರಿಯಕ್ಕ, ಮೈಸೂರು · ಡಿಸೆಂಬರ್ 7

ವಿಜಯಪುರದವರು ಹೇಳಿದಂತೆ ನಿನ್ನೆ ರಾತ್ರಿ ಅವನು ಮಲಗಿದ ಮೇಲೆ ಮೊಬೈಲಿನ ಟಾರ್ಚು ಹಿಡಿದು ಸೈಕಲ್ಲಿನ ಮುಂದೆ ಕೂತೆ. ನಾಯಿ ಒಮ್ಮೆ ಬೊಗಳಿ ಸುಮ್ಮನಾಯಿತು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಟೈರಿನ ಪಕ್ಕದಲ್ಲಿ 700 ಗುಣಿಸು 28ಸಿ ಎಂದಿದೆ. ಇನ್ನೊಂದು ಕಡೆ 28-622 ಎಂದಿದೆ. ಹಿಂದಿನ ಟೈರಿನ ನಡುಭಾಗ ಚಪ್ಪಟೆಯಾಗಿದೆ, ಅದರಲ್ಲಿ ಅಕ್ಕಿಕಾಳಿನಷ್ಟು ಉದ್ದದ ನಾಲ್ಕೈದು ಕಚ್ಚುಗಳಿವೆ, ಒಂದು ಕಚ್ಚಿನಲ್ಲಿ ಗಾಜಿನ ಚೂರು ಇನ್ನೂ ಮಿನುಗುತ್ತಿತ್ತು. ಗಾಳಿಯ ಮೂತಿ ಸ್ಕೂಟರಿನದರಂತೆ ದಪ್ಪವಿಲ್ಲ, ಸಪೂರವಾಗಿದೆ, ತುದಿಯಲ್ಲಿ ಪುಟ್ಟ ತಿರುಪು ಇದೆ. ಬ್ರೇಕು ಡಿಸ್ಕಿನದು. ಸೀಟಿನ ಕೆಳಗಿನ ಚೀಲದಲ್ಲಿ ಒಂದು ಟ್ಯೂಬು, ಎರಡು ಪ್ಲಾಸ್ಟಿಕ್ ಪಟ್ಟಿಗಳು, ಆರು ಮೂಲೆಯ ಕೀಲಿಗಳ ಒಂದು ಕಟ್ಟು, ಮಡಚಿದ ನೂರು ರೂಪಾಯಿಯ ನೋಟು ಇದ್ದವು. ಹಿಂದಿನ ದೀಪವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದಾನೆ, ಏಕೆಂದರೆ ಅದರ ಕ್ಲಿಪ್ಪು ಮುರಿದಿದೆ.

ಪಂಪನ್ನು ಹುಡುಕಿದೆ. ಅವನ ಬಳಿ ಇರುವುದು ಅಪ್ಪನ ಕಾಲದ ಸ್ಕೂಟರಿನ ಕಾಲುಪಂಪು. ಅದರ ಜೊತೆ ಕಡಲೆಬೀಜದಷ್ಟು ಚಿಕ್ಕ ಹಿತ್ತಾಳೆಯ ತುಂಡೊಂದು ದಾರದಲ್ಲಿ ಕಟ್ಟಿದೆ. ಆ ತುಂಡನ್ನು ಸಪೂರ ಮೂತಿಗೆ ತಿರುಗಿಸಿ ಅದರ ಮೇಲೆ ಪಂಪು ಸಿಕ್ಕಿಸುತ್ತಾನೆ ಎಂದು ಕಾಣುತ್ತದೆ. ಮಾಪಕ ಇಲ್ಲ. ಬೆಳಿಗ್ಗೆ ಅವನು ಹೊರಡುವಾಗ ಕಿಟಕಿಯಿಂದ ನೋಡಿದೆ: ಟೈರನ್ನು ಹೆಬ್ಬೆರಳಿನಿಂದ ಒತ್ತಿ, ತಲೆಯಾಡಿಸಿ, ಹೊರಟುಹೋದ.

ಗುಮ್ಮಟದೂರಿನವ, ವಿಜಯಪುರ · ಡಿಸೆಂಬರ್ 7

ಇಷ್ಟು ಚೆನ್ನಾಗಿ ನೋಡಿಬಂದ ಮೇಲೆ ನಮ್ಮ ಕೆಲಸ ಸುಲಭವಾಯಿತು. ಆ ಹಿತ್ತಾಳೆ ತುಂಡು ಸಪೂರವಾದ ಪ್ರೆಸ್ಟಾ ಮೂತಿಯನ್ನು ಸ್ಕೂಟರಿನಂಥ ಶ್ರೇಡರ್ ಮೂತಿಗೆ ಬದಲಾಯಿಸುವ ಅಡಾಪ್ಟರು. ಹೊಸ ಪಂಪು ಕೊಳ್ಳುವಾಗ ಪ್ರೆಸ್ಟಾ ಮತ್ತು ಶ್ರೇಡರ್ ಎರಡಕ್ಕೂ ಕೂರುವ ತಲೆಯುಳ್ಳದ್ದನ್ನು ಕೇಳಿ. ನಿಮ್ಮ ಸ್ಕೂಟರಿಗೂ ಆಯಿತು. ಎರಡು ಸಾವಿರದೊಳಗೆ ಗಟ್ಟಿಯಾದದ್ದು ಸಿಗುತ್ತದೆ. ಪಾದವಿಡುವ ಅಡಿಭಾಗ ಲೋಹದ್ದಾಗಿರಲಿ.

ಟೈರಿನ ಬಗ್ಗೆ: ಚಪ್ಪಟೆಯಾದ, ಕಚ್ಚು ಬಿದ್ದ ಹಿಂದಿನ ಟೈರಿನ ಮೇಲೆ 300 ಕಿಲೋಮೀಟರ್ ಹೊರಡುವುದು ಸರಿಯಲ್ಲ. 622 ಎಂಬುದು ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ, 28 ಎಂಬುದು ಅಗಲ, ಎರಡೂ ಮಿಲಿಮೀಟರಿನಲ್ಲಿ. ಆ 28-622 ಎಂಬುದನ್ನೇ ಚೀಟಿಯಲ್ಲಿ ಬರೆದು ಅಂಗಡಿಯವನಿಗೆ ತೋರಿಸಿ, ಪಂಕ್ಚರ್ ತಡೆಯುವ ಪದರವಿರುವ ಟೈರು ಕೊಡಿ ಎನ್ನಿ. ಟ್ಯೂಬು ಕೊಳ್ಳುವುದಾದರೆ ಮೂತಿಯ ಉದ್ದ ಮುಖ್ಯ: ರಿಮ್ಮಿನ ಆಳಕ್ಕಿಂತ ಹದಿನೈದು ಇಪ್ಪತ್ತು ಮಿಲಿಮೀಟರಾದರೂ ಹೆಚ್ಚಿರಬೇಕು, ಇಲ್ಲದಿದ್ದರೆ ಪಂಪಿನ ತಲೆ ಹಿಡಿಯುವುದಿಲ್ಲ. ಚೀಲದಲ್ಲಿರುವ ಟ್ಯೂಬಿನ ಪೊಟ್ಟಣದ ಮೇಲೆ 48 ಅಥವಾ 60 ಎಂದು ಬರೆದಿರುತ್ತದೆ, ಅದನ್ನೇ ತನ್ನಿ.

ರಾತ್ರಿ ಸವಾರ, ಬೆಂಗಳೂರು · ಡಿಸೆಂಬರ್ 8

ರಬ್ಬರ್ ಬ್ಯಾಂಡಿನಿಂದ ಕಟ್ಟಿದ ದೀಪ ಎಂದು ಓದಿದ ಕೂಡಲೇ ಬರೆಯಲೇಬೇಕೆನಿಸಿತು. 300ರ ಬ್ರೆವೆಗೆ ಇರುವ ಕಾಲಾವಕಾಶ 20 ಗಂಟೆ. ಬೆಳಗಿನ ಆರಕ್ಕೆ ಹೊರಟರೂ ಕೊನೆಯ ಭಾಗ ಕತ್ತಲಲ್ಲೇ ಬರುತ್ತದೆ. 200ಕ್ಕೆ ಹದಿಮೂರೂವರೆ ಗಂಟೆ, 400ಕ್ಕೆ 27, 600ಕ್ಕೆ 40. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರನ್ನು ಸೂಪರ್ ರ್‍ಯಾಂಡನರ್ ಎನ್ನುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ 1200 ಕಿಲೋಮೀಟರಿನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ ಕನಸು ಕಾಣುವವರೆಲ್ಲ ಈ ಮೆಟ್ಟಿಲುಗಳನ್ನು ಹತ್ತಲೇಬೇಕು. ರಾತ್ರಿಯಲ್ಲಿ ಮುಂದೆ, ಹಿಂದೆ ದೀಪ ಮತ್ತು ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ ಬ್ರೆವೆಯ ನಿಯಮವೇ ಆಗಿದೆ. ಇಲ್ಲದವರನ್ನು ಹೊರಡಲು ಬಿಡುವುದಿಲ್ಲ.

ನನ್ನ ಮೊದಲ 300ರಲ್ಲಿ ನಡೆದುದನ್ನು ಹೇಳುತ್ತೇನೆ. ಹಿರಿಯೂರಿನ ಕಡೆಯಿಂದ ತಿರುಗಿ ಬರುತ್ತಿದ್ದೆ, ರಾತ್ರಿ ಒಂಬತ್ತು ದಾಟಿತ್ತು. ಹಿಂದೆ ಬರುತ್ತಿದ್ದ ಗೆಳೆಯ ಕೂಗಿ ಹೇಳುವವರೆಗೆ ನನ್ನ ಹಿಂದಿನ ದೀಪ ಆರಿದ್ದು ನನಗೆ ತಿಳಿದೇ ಇರಲಿಲ್ಲ. ಮುಂದಿನ ದೀಪ ಆರಿದರೆ ಸವಾರನಿಗೆ ತಕ್ಷಣ ಕಾಣುತ್ತದೆ. ಹಿಂದಿನದು ಆರಿದರೆ ಟ್ರಕ್ಕಿನವನಿಗೆ ಮಾತ್ರ ಗೊತ್ತಾಗುತ್ತದೆ. ಅಂದಿನಿಂದ ಎರಡು ಹಿಂದೀಪ ಹಾಕುತ್ತೇನೆ, ಒಂದು ಸ್ಥಿರವಾಗಿ, ಇನ್ನೊಂದು ಮಿನುಗುತ್ತ. ಹಿಂದೀಪ ಕೊಳ್ಳುವಾಗ ಎಷ್ಟು ಲೂಮೆನ್ (ಬೆಳಕಿನ ಅಳತೆ) ಎಂದು ಕೇಳುವುದಕ್ಕಿಂತ, ಸ್ಥಿರವಾಗಿ ಹಚ್ಚಿದರೆ ಎಷ್ಟು ಗಂಟೆ ಉರಿಯುತ್ತದೆ, ಮಳೆಗೆ ತಾಳುತ್ತದೆಯೇ, ಕ್ಲಿಪ್ಪು ಮುರಿದರೆ ಬೇರೆ ಸಿಗುತ್ತದೆಯೇ ಎಂದು ಕೇಳಿ.

ಹಣದ ಮಿತಿ ಇಲ್ಲದವರಿಗಾಗಿ ಒಂದು ಮಾತು. ಗಾರ್ಮಿನ್ ಕಂಪನಿಯ ವೇರಿಯಾ ಎಂಬ ಹಿಂದೀಪದಲ್ಲಿ ರೇಡಾರ್ ಇದೆ. ಹಿಂದಿನಿಂದ ಬರುವ ವಾಹನವನ್ನು 140 ಮೀಟರ್ ದೂರದಿಂದಲೇ ಗುರುತಿಸಿ ಹ್ಯಾಂಡಲಿನ ಪರದೆಯ ಮೇಲೆ ಚುಕ್ಕೆಯಾಗಿ ತೋರಿಸುತ್ತದೆ. ಖಾಲಿ ಹಳ್ಳಿ ರಸ್ತೆಯಲ್ಲಿ ಅದು ವರ. ಬೆಂಗಳೂರಿನೊಳಗೆ ಚುಕ್ಕೆಗಳು ಸಾಲುಗಟ್ಟುವುದರಿಂದ ನೋಡುವುದನ್ನೇ ಬಿಡುತ್ತೇವೆ. ನಿಮ್ಮ ಐದು ಸಾವಿರಕ್ಕೆ ಅದು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಇನ್ನೊಂದು ಅಗ್ಗದ ವಸ್ತು, ಯಾರಿಗೂ ಹೊಳೆಯುವುದಿಲ್ಲ. ಬ್ರೆವೆಯಲ್ಲಿ ಪ್ರತಿ ನಿಲ್ದಾಣದಲ್ಲೂ ಮುದ್ರೆ ಹಾಕಿಸಿಕೊಳ್ಳುವ ಕಾರ್ಡು ಕೊಡುತ್ತಾರೆ. ಜೆರ್ಸಿಯ ಹಿಂದಿನ ಜೇಬಿನಲ್ಲಿ ಅದು ಬೆವರಿಗೆ ನೆಂದು, ಸಂಜೆಯ ಹೊತ್ತಿಗೆ ನೀರಿಗೆ ಬಿದ್ದ ಹಪ್ಪಳದಂತಾಗುತ್ತದೆ. ಜಿಪ್ಪಿರುವ ನೀರು ಹೋಗದ ಪುಟ್ಟ ಚೀಲವೊಂದನ್ನು ಕೊಡಿ. ಕಾರ್ಡು, ಫೋನು, ಆ ನೂರು ರೂಪಾಯಿಯ ನೋಟು ಎಲ್ಲವೂ ಅದರಲ್ಲಿ ಹಿಡಿಯುತ್ತವೆ.

ಗುಮ್ಮಟದೂರಿನವ, ವಿಜಯಪುರ · ಡಿಸೆಂಬರ್ 9

ತಿನ್ನುವುದರ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಅಂಗಡಿಗಳಲ್ಲಿ ಸವಾರರಿಗಾಗಿಯೇ ಶಕ್ತಿ ಕೊಡುವ ಸಿಹಿ ಜೆಲ್ ಪೊಟ್ಟಣಗಳನ್ನು ಉಡುಗೊರೆಯ ಡಬ್ಬಿಯಲ್ಲಿ ಜೋಡಿಸಿ ಮಾರುತ್ತಾರೆ. ಅವು ಹೊಟ್ಟೆಗೆ ಒಗ್ಗುತ್ತವೆಯೋ ಇಲ್ಲವೋ ಎಂಬುದು ಅವರವರ ಕರುಳಿಗೇ ಗೊತ್ತು. ಬ್ರೆವೆಯ ದಿನ ಹೊಸದನ್ನು ತಿಂದು ಪೊದೆ ಹುಡುಕಿದವರು ನನ್ನ ಪರಿಚಯದಲ್ಲೇ ಇದ್ದಾರೆ. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಆರ್‌ಎಸ್ ಕುಡಿದರೆ ಸಾಕು ಎಂದುಕೊಂಡವರಿದ್ದಾರೆ. ಒಂದು ಲೀಟರ್ ಒಆರ್‌ಎಸ್‌ನಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಅದು ಬೆವರಿನಲ್ಲಿ ಹೋದ ಉಪ್ಪು ನೀರನ್ನು ತುಂಬುತ್ತದೆ, ಹಸಿವನ್ನಲ್ಲ.

ನಮ್ಮ ಕಡೆಯವರು ಒಯ್ಯುವುದು ಅಮೀನಗಡದ ಕರದಂಟು. ಬೆಲ್ಲ, ಅಂಟು, ಒಣಹಣ್ಣು ಸೇರಿದ ಆ ಉಂಡೆ ಜೇಬಿನಲ್ಲಿ ಪುಡಿಯಾಗುವುದಿಲ್ಲ. ಆದರೆ ಬಿಸಿಲಿಗೆ ಅಂಟುತ್ತದೆ, ಆದ್ದರಿಂದ ಎರಡು ತುತ್ತಿನಷ್ಟು ತುಂಡು ಮಾಡಿ ಬೆಣ್ಣೆ ಕಾಗದದಲ್ಲಿ ಒಂದೊಂದಾಗಿ ಸುತ್ತಬೇಕು. ಕಾಗದದ ತುದಿಯನ್ನು ಹಲ್ಲಿನಿಂದ ಎಳೆದರೆ ಬಿಚ್ಚುವಂತಿರಬೇಕು, ಏಕೆಂದರೆ ಒಂದು ಕೈ ಹ್ಯಾಂಡಲ್ ಮೇಲಿರುತ್ತದೆ. ಹಾಗೆ ಸುತ್ತಿದ ಇಪ್ಪತ್ತು ತುಂಡುಗಳ ಡಬ್ಬಿಯನ್ನು ನನ್ನ ಅಣ್ಣನ ಮಗಳಿಗೆ ಪ್ರತಿ ರೇಸಿಗೂ ಅವಳ ಅಜ್ಜಿ ಕಳಿಸುತ್ತಾರೆ. ಮೈಸೂರಿನಲ್ಲಿ ಕರದಂಟು ಸಿಗದಿದ್ದರೆ ಕಡಲೆ ಮಿಠಾಯಿ ಆಗುತ್ತದೆ. ಮೈಸೂರುಪಾಕು ಮಾತ್ರ ಬೇಡ, ತುಪ್ಪ ಬೆಟ್ಟ ಹತ್ತಲು ಬಿಡುವುದಿಲ್ಲ.

ಗೃಹಿಣಿ, ಹಾಸನ · ಡಿಸೆಂಬರ್ 10

ಹೆಲ್ಮೆಟ್ಟಿನ ಅಳತೆ ತೆಗೆದೆ, 58 ಸೆಂಟಿಮೀಟರ್. ಎಚ್ಚರವಾಗಿ "ಏನು ಮಾಡ್ತಿದ್ದೀಯಾ" ಎಂದರು, ಜ್ವರ ನೋಡ್ತಿದ್ದೀನಿ ಎಂದೆ.

ನನ್ನ ಕಡೆಯಿಂದ ಒಂದು ಸಲಹೆ, ದುಡ್ಡು ಬೇಡದ್ದು. ಡಿಸೆಂಬರ್ 24ರಿಂದ 31ರವರೆಗಿನ ಎಂಟು ದಿನಗಳಲ್ಲಿ 500 ಕಿಲೋಮೀಟರ್ ಮುಗಿಸುವ ಫೆಸ್ಟಿವ್ 500 ಎಂಬ ಸವಾಲೊಂದಿದೆ. ರಾಫಾ ಎಂಬ ಉಡುಪಿನ ಕಂಪನಿ 2010ರಲ್ಲಿ ಆರಂಭಿಸಿದ್ದು. ದಿನಕ್ಕೆ ಅರವತ್ತೆರಡೂವರೆ ಕಿಲೋಮೀಟರ್ ಆಯಿತು. ನಮ್ಮವರು ಎರಡು ವರ್ಷ ಪ್ರಯತ್ನಿಸಿ, ಎರಡೂ ಸಲ ನೆಂಟರು, ಮದುವೆ, ಗ್ಯಾಸ್ ಸಿಲಿಂಡರ್ ಎಂದು ಮುನ್ನೂರರ ಸುತ್ತ ನಿಲ್ಲಿಸಿದ್ದರು. ಹೋದ ವರ್ಷ ನಾನು ಒಂದು ಕಾಗದದಲ್ಲಿ ಎಂಟೂ ದಿನಗಳ ದಿನಾಂಕ ಬರೆದು, "ಬೆಳಿಗ್ಗೆ ಹತ್ತರವರೆಗೆ ಯಾರೂ ನಿಮಗೆ ಕೆಲಸ ಹೇಳುವುದಿಲ್ಲ, ಫೋನೂ ಮಾಡುವುದಿಲ್ಲ" ಎಂದು ಬರೆದು ಸಹಿ ಹಾಕಿ ಕೊಟ್ಟೆ. 31ರಂದು ಒಂಬತ್ತೂವರೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿ ಅಂಗಳದಲ್ಲೇ ಮಲಗಿಬಿಟ್ಟರು. ಆ ಕಾಗದ ಇನ್ನೂ ಅವರ ಪರ್ಸಿನಲ್ಲಿದೆ.

ಸೀನಿಯರ್ ಸ್ಪೋಕು, ತುಮಕೂರು · ಡಿಸೆಂಬರ್ 10

ನನ್ನ ಹೆಂಡತಿಗೆ ಇದನ್ನು ಓದಿ ಹೇಳಿದೆ. ಹತ್ತರವರೆಗೆ ಆಗುವುದಿಲ್ಲ, ಎಂಟರವರೆಗೆ ಎಂದಿದ್ದಾಳೆ. ಮಾತುಕತೆ ನಡೆಯುತ್ತಿದೆ.

ಹಿರಿಯಕ್ಕ, ಮೈಸೂರು · ಡಿಸೆಂಬರ್ 27

ಎಲ್ಲರಿಗೂ ಧನ್ಯವಾದ ಹೇಳಿ, ನಡೆದದ್ದನ್ನು ತಿಳಿಸಬೇಕು. ಮಾಪಕವಿರುವ ಪಂಪು, 28-622 ಎಂದು ಚೀಟಿ ತೋರಿಸಿ ತಂದ ಟೈರು ಒಂದು, ಹಿಂದೀಪ ಒಂದು, ಜಿಪ್ಪಿನ ಚೀಲ ಒಂದು. ಇಷ್ಟಕ್ಕೆ ಐದು ಸಾವಿರದ ಮೇಲೆ ಇನ್ನೂರು ರೂಪಾಯಿ ಹೆಚ್ಚಾಯಿತು, ಅದನ್ನು ನಾನೇ ಹಾಕಿದೆ. ಚಿಕ್ಕ ತಂಗಿ ಕಡಲೆ ಮಿಠಾಯಿಯನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಕೊಟ್ಟಳು.

ಕ್ರಿಸ್‌ಮಸ್ ದಿನ ಬೆಳಿಗ್ಗೆ ಪೊಟ್ಟಣ ಬಿಚ್ಚಿದ. ಟೈರಿನ ಮೇಲಿನ ಅಂಕಿ ಓದಿ, "ಇದು ನಿಂಗೆ ಹೇಗೆ ಗೊತ್ತಾಯ್ತು?" ಎಂದ. ನಾನು ಸುಮ್ಮನಿದ್ದೆ. ಮಿಕ್ಕ ಯಾವುದನ್ನೂ ನೋಡದೆ ಪಂಪು ಹಿಡಿದು ಹೊರಗೆ ಹೋಗಿ ಹಿಂದಿನ ಚಕ್ರಕ್ಕೆ ಸಿಕ್ಕಿಸಿದ. ಹೆಬ್ಬೆರಳಿಗೆ ದಿನವೂ ಸರಿಯಾಗಿದೆ ಎನಿಸುತ್ತಿದ್ದ ಟೈರಿಗೆ ಮಾಪಕದ ಮುಳ್ಳು 45 ಪಿಎಸ್ಐ ಮೇಲೆ ನಿಂತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, "ಅದಕ್ಕೇ ಬೆಟ್ಟ ಅಷ್ಟು ಭಾರ" ಎಂದ.

ಅವನ ತೂಕ ಎಪ್ಪತ್ತು ಕೆಜಿ. ಎಷ್ಟಕ್ಕೆ ತುಂಬಿಸಬೇಕೆಂದು ಕೇಳಲು ಹೇಳಿದ್ದಾನೆ, ಏಕೆಂದರೆ ನನಗೆ ಇಷ್ಟೆಲ್ಲ ಯಾರು ಹೇಳಿಕೊಟ್ಟರು ಎಂಬುದು ಕೊನೆಗೂ ಅವನಿಗೆ ಗೊತ್ತಾಯಿತು.

ಗುಮ್ಮಟದೂರಿನವ, ವಿಜಯಪುರ · ಡಿಸೆಂಬರ್ 27

28ರ ಟೈರು, ಎಪ್ಪತ್ತು ಕೆಜಿ ಎಂದರೆ ಹಿಂದೆ 70-75 ಪಿಎಸ್ಐ, ಮುಂದೆ ಐದು ಕಡಿಮೆ. ಟೈರಿನ ಮೇಲೆ ಬರೆದ ಗರಿಷ್ಠಕ್ಕೆ ತುಂಬಿಸಬೇಕಾಗಿಲ್ಲ. ಹೊಸ ಟೈರನ್ನು ಬ್ರೆವೆಯ ಹಿಂದಿನ ರಾತ್ರಿ ಹಾಕಬೇಡಿ ಎಂದು ಹೇಳಿ. ಈ ವಾರವೇ ಹಾಕಿ ನೂರು ಕಿಲೋಮೀಟರಾದರೂ ಓಡಿಸಿ ನೋಡಲಿ. ಆ ಜೆಲ್ ಕವರು ಏನಾಯಿತು?

ಹಿರಿಯಕ್ಕ, ಮೈಸೂರು · ಡಿಸೆಂಬರ್ 28

ಅಮ್ಮನ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿಗೆ ಹಾಕಿದ್ದೇವೆ. ಅಮ್ಮ ನೆಟ್ಟಗೆ ಕೂರುವವರು, ಅವರಿಗೆ ಒಗ್ಗಿದೆ.